ಎಂಜಿನ್ ಬದಲಾಯಿಸಿದ ಮೇಲೆ ಮಾರುತಿ 800 ಬಿಸಿಯಾದಾಗ ಸೆಲ್ಫ್ ಹೊಡೆಯುತ್ತಿಲ್ಲ, ಏನು ಮಾಡಲಿ?

ನಿಮ್ಮದು 1997ರ ಮಾರುತಿ 800, ಕಾರ್ಬುರೇಟರ್ ಗಾಡಿ. ಗುಜರಿ ಎಂಜಿನ್ ಕೂರಿಸಿ ಒಂದು ತಿಂಗಳಾಗಿದೆ. ಬೆಳಗ್ಗೆ ಹೇಗೋ ಸ್ಟಾರ್ಟ್ ಆಗುತ್ತದೆ, ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆಮೇಲೆ ಬರೀ 'ಟಕ್' ಅನ್ನುತ್ತದೆ, ತಳ್ಳಿದರೆ ಕೂಡಲೇ ಸ್ಟಾರ್ಟ್. ಹೊಸ ಬ್ಯಾಟರಿ ಹಾಕಿಸಿದ್ದೀರಿ, ಈಗ ಸೆಲ್ಫ್ ಮೋಟರ್ (ಕೀ ತಿರುಗಿಸಿದಾಗ ಎಂಜಿನ್ ತಿರುಗಿಸುವ ಮೋಟರ್) ಕೂಡ ಬದಲಾಯಿಸಿ ಅಂತಿದ್ದಾರೆ. ದಯವಿಟ್ಟು ಎರಡು ದಿನ ತಡೆಯಿರಿ. ಮೊದಲು ಎಂಜಿನ್‌ನ ಅರ್ತಿಂಗ್ ಕೇಬಲ್, ಅಂದರೆ ಕರೆಂಟ್ ವಾಪಸ್ ಬ್ಯಾಟರಿ ಮೈನಸ್‌ಗೆ ಹೋಗುವ ದಪ್ಪ ಕಪ್ಪು ಕೇಬಲ್, ನೋಡಿ.

ನನ್ನ ತಂದೆಯವರ 1995ರ ಗಾಡಿಗೂ ಇದೇ ಆಗಿತ್ತು. ಎಂಜಿನ್ ಇಳಿಸಿ ಬೇರೆ ಹಾಕಿಸಿದೆವು, ಆಮೇಲೆ ಬ್ಯಾಟರಿ ಬದಲಾಯಿಸಿದೆವು, ಸೆಲ್ಫ್ ಬಿಚ್ಚಿಸಿ ಒಳಗೆ ಸವೆಯುವ ಬ್ರಶ್, ಬುಷ್ ಹೊಸದು ಹಾಕಿಸಿದೆವು, ಆದರೂ ಪ್ರತಿ ಪೆಟ್ರೋಲ್ ಬಂಕ್‌ನಲ್ಲಿ ಅಪ್ಪ ಒಳಗೆ ಕೂತು ನಾನು ಹಿಂದಿನಿಂದ ತಳ್ಳುವುದೇ ಆಯಿತು. ಒಂದು ಸಂಜೆ ಬಾನೆಟ್ ಎತ್ತಿ, ಅಪ್ಪನಿಗೆ ಕೀ ತಿರುಗಿಸಲು ಹೇಳಿ, ಸುಮ್ನೆ ಒಂದೊಂದೇ ವೈರ್ ಮುಟ್ಟಿ ನೋಡುತ್ತಿದ್ದೆ. ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬಿಸಿ! ಎಂಜಿನ್‌ಗೆ ತಾಗದ ಕಡೆಯಲ್ಲೂ ಅದರ ಹೊದಿಕೆ ಮೆತ್ತಗಾಗಿತ್ತು. ಕರೆಂಟ್ ಹೋಗಲೇಬಾರದ ಜಾಗ ಅದು, ಅಲ್ವಾ?

ಆಗಿದ್ದು ಇಷ್ಟು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಸೆಲ್ಫ್ ಮೋಟರ್‌ಗೆ ಪ್ಲಸ್ ಕೇಬಲ್ಲಿಂದ ಬಂದ ಕರೆಂಟ್ ವಾಪಸ್ ಬ್ಯಾಟರಿಗೆ ಹೋಗಬೇಕಾದರೆ ಎಂಜಿನ್ ಅಥವಾ ಗೇರ್‌ಬಾಕ್ಸ್‌ಗೆ ಬಿಗಿದ ಆ ದಪ್ಪ ಕಪ್ಪು ಕೇಬಲ್ಲೇ ದಾರಿ. ಎಂಜಿನ್ ಇಳಿಸುವಾಗ ಅದನ್ನು ಬಿಚ್ಚುತ್ತಾರೆ, ಕೂರಿಸುವಾಗ ಕೆಲವೊಮ್ಮೆ ಮರೆಯುತ್ತಾರೆ, ಇಲ್ಲವೇ ನಮ್ಮ ಗಾಡಿಯಲ್ಲಿ ಆದಂತೆ, ಹೊಸದಾಗಿ ಕಾಣಲಿ ಅಂತ ಹೊಡೆದ ಸಿಲ್ವರ್ ಪೇಂಟ್ ಮೇಲೆಯೇ ಬೋಲ್ಟ್ ಬಿಗಿಯುತ್ತಾರೆ. ಪೇಂಟ್ ತಡೆಯುತ್ತದೆ. ಆಗ ಕರೆಂಟ್ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಹಿಡಿದು ಬಾಡಿಗೆ ಬರುತ್ತದೆ. ಆ ಸಣ್ಣ ಸರಿಗೆ 100 ಆಂಪಿಯರ್ ತಾಳುವುದಿಲ್ಲ.

ಬೆಳಗ್ಗೆ ಆಗಿ ಮಧ್ಯಾಹ್ನ ಯಾಕೆ ಆಗಲ್ಲ ಅಂದರೆ, ಬಿಸಿಯಾದ ತಾಮ್ರ ಕರೆಂಟನ್ನು ಜಾಸ್ತಿ ತಡೆಯುತ್ತದೆ. ಸೆಲ್ಫ್ ಒಳಗಿನ ಸುತ್ತುಗಳೂ ಬಿಸಿ, ಕೆಟ್ಟ ಜಾಯಿಂಟೂ ಬಿಸಿ. ಬೆಳಗ್ಗೆ ಅಂಚಿನಲ್ಲಿದ್ದದ್ದು ಮಧ್ಯಾಹ್ನ ಸಾಲದೇ ಹೋಗುತ್ತದೆ. ತಳ್ಳಿದರೆ ಸ್ಟಾರ್ಟ್ ಆಗುತ್ತಿದೆ ಅನ್ನುವುದೇ ದೊಡ್ಡ ಸುಳಿವು. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್‌ಗೆ ಬೇಕಾಗುವುದು ಕೆಲವೇ ಆಂಪಿಯರ್, ಅದು ಹೇಗೋ ಸಿಗುತ್ತಿದೆ. ಪೆಟ್ರೋಲ್, ಕಿಡಿ, ಟೈಮಿಂಗ್ ಮೂರೂ ಸರಿ ಇವೆ ಅಂತಾಯಿತು. ಕಾರ್ಬುರೇಟರ್ ಬಿಚ್ಚಲು ಯಾರಿಗೂ ಬಿಡಬೇಡಿ.

ಪರೀಕ್ಷೆ ಸುಲಭ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಒಂದು ಜಂಪ್ ಕೇಬಲ್ ತಗೊಂಡು ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಎಂಜಿನ್ ಮೇಲೆ ಪೇಂಟ್ ಇಲ್ಲದ ಯಾವುದಾದರೂ ಬೋಲ್ಟ್‌ಗೆ ಕಚ್ಚಿಸಿ. ಪ್ಲಸ್ ಕಡೆ ತಪ್ಪಿಯೂ ತಾಗಬಾರದು, ಬೆಲ್ಟಿನಿಂದ ಕೇಬಲ್ ದೂರ ಇರಲಿ. ಎಂಜಿನ್ ಬಿಸಿ ಇರುವಾಗಲೇ ಕೀ ತಿರುಗಿಸಿ. ಸೆಲ್ಫ್ ಚುರುಕಾಗಿ ಹೊಡೆದರೆ ರೋಗ ಸಿಕ್ಕಿತು.

ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಒಂದು ಮಾತು, ಬೀಪ್ ಬರುತ್ತದಾ ಅಂತ ನೋಡಿ ಅರ್ತಿಂಗ್ ಸರಿ ಇದೆ ಅನ್ನಬೇಡಿ. ನಮ್ಮ ಮೆಕ್ಯಾನಿಕ್ ಎಡವಿದ್ದು ಅಲ್ಲೇ. 0.02 ಓಮ್ ತಡೆ ಇದ್ದರೂ ಮೀಟರ್ ಬೀಪ್ ಅನ್ನುತ್ತದೆ, ಆದರೆ 100 ಆಂಪಿಯರ್ ಹರಿಯುವಾಗ ಅಲ್ಲೇ 2 ವೋಲ್ಟ್ ಹೋಗಿಬಿಡುತ್ತದೆ. ಅದಕ್ಕೇ ಸೆಲ್ಫ್ ಹೊಡೆಯುವಾಗಲೇ ಅಳೆಯಬೇಕು. ಎಂಜಿನ್ ಸ್ಟಾರ್ಟ್ ಆಗದಂತೆ ಕಾಯಿಲ್‌ನ ಸಣ್ಣ ವೈರ್ ಬಿಚ್ಚಿಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಲೋಹಕ್ಕೆ, ಡಿಸಿ ವೋಲ್ಟ್‌ನಲ್ಲಿ ಇಟ್ಟು ಕೀ ತಿರುಗಿಸಿ. 0.2, 0.3 ಬಂದರೆ ಪರವಾಗಿಲ್ಲ. ನಮ್ಮದು 2.6 ತೋರಿಸಿತ್ತು. ಹಾಗೆಯೇ ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್‌ನ ದಪ್ಪ ಬೋಲ್ಟ್‌ವರೆಗೆ ಅಳೆಯಿರಿ, ಅಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಆ ಕೇಬಲ್ ಅಥವಾ ಅದರ ಲಗ್ (ಬೋಲ್ಟ್‌ಗೆ ಬಿಗಿಯುವ ಲೋಹದ ತುದಿ) ಹಾಳು. ಹಳೇ ಕೇಬಲ್ ಹೊರಗೆ ಚೆನ್ನಾಗಿ ಕಂಡು, ಪ್ಲಾಸ್ಟಿಕ್ ಸೀಳಿದರೆ ಒಳಗೆ ಹಸಿರು ಪುಡಿ ಇರುತ್ತದೆ.

ದುರಸ್ತಿಗೆ ಅರ್ಧ ಗಂಟೆ ಸಾಕು. ಬ್ಯಾಟರಿ ಮೈನಸ್ ಬಿಚ್ಚಿ, ಎಂಜಿನ್ ಕಡೆಯ ಬೋಲ್ಟ್ ತೆಗೆದು, ಲಗ್ ಕೂರುವ ಜಾಗವನ್ನು ಉಪ್ಪು ಕಾಗದದಿಂದ ಹೊಳೆಯುವವರೆಗೆ ಉಜ್ಜಿ. ಲಗ್ಗನ್ನೂ ಉಜ್ಜಿ. ಬಿಗಿದ ಮೇಲೆ ಸ್ವಲ್ಪ ಗ್ರೀಸ್ ಸವರಿ. ಬಾಡಿಗೆ ಬಿಗಿದ ತುದಿಯನ್ನೂ ಹಾಗೇ ಮಾಡಿ. ಆಲ್ಟರ್ನೇಟರ್ ಕೂಡ ಇದೇ ದಾರಿಯಲ್ಲಿ ಚಾರ್ಜ್ ಮಾಡುವುದು, ಹಾಗಾಗಿ ಆಮೇಲೆ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬರುತ್ತಿದೆಯಾ ನೋಡಿಕೊಳ್ಳಿ. ಹೊಸ ಬ್ಯಾಟರಿ ಇಷ್ಟು ದಿನ ಅರೆಹೊಟ್ಟೆಯಲ್ಲಿದ್ದಿರಬಹುದು, ಒಂದು ಸಲ ಹೊರಗೆ ಪೂರ್ತಿ ಚಾರ್ಜ್ ಮಾಡಿಸಿ.

ಎರಡೂ ಕೇಬಲ್ ಸರಿ ಇದ್ದು, ಬಿಸಿಯಾದಾಗ ಸೆಲ್ಫ್‌ಗೆ ಬರುವ ಸಣ್ಣ ವೈರ್‌ನಲ್ಲೂ 10 ವೋಲ್ಟ್ ಮೇಲೆ ಇದ್ದು, ಆಗಲೂ 'ಟಕ್' ಮಾತ್ರ ಅಂದರೆ ಸೆಲ್ಫ್ ಬಿಚ್ಚಿಸಿ. ಆಗಲೂ ಕೂಡಲೇ ಹೊಸದು ಬೇಡ, ಮೊದಲು ಬ್ರಶ್ ಸವೆದಿದೆಯಾ ನೋಡಿಸಿ.

ಇದನ್ನು ಓದುವ ಬೇರೆಯವರಿಗೆ ಸೆಲ್ಫ್ ಚೆನ್ನಾಗಿ ಹೊಡೆದೂ ಎಂಜಿನ್ ಹಿಡಿಯುತ್ತಿಲ್ಲ ಅನ್ನುವುದು ಸಮಸ್ಯೆಯಾದರೆ, ಪ್ಲಗ್ ವೈರ್‌ಗಳು ಸಿಲಿಂಡರ್‌ಗಳಿಗೆ ಕಿಡಿ ಹೋಗಬೇಕಾದ 1-3-2 ಕ್ರಮದಲ್ಲಿವೆಯಾ ನೋಡಿ. ಆಮೇಲೆ ಕಾರ್ಬುರೇಟರಿಗೆ ಪೆಟ್ರೋಲ್ ಬರುವ ಪೈಪು, ವಾಪಸ್ ಹೋಗುವ ಪೈಪು ಅದಲುಬದಲಾಗಿದೆಯಾ ನೋಡಿ.

ಇನ್ನೊಂದು ವಿಷಯ. ಓಮ್ನಿಯಲ್ಲೂ ಇದೇ 796 ಸಿಸಿ ಮೂರು ಸಿಲಿಂಡರ್ ಎಂಜಿನ್ ಇದೆ, ಗುಜರಿಯಲ್ಲಿ ಯಾವುದನ್ನು ಕೊಟ್ಟಿದ್ದಾರೆ ಅಂತ ಕೇಳಿಕೊಳ್ಳಿ. ಓಮ್ನಿಯಲ್ಲಿ ಎಂಜಿನ್ ಉದ್ದಕ್ಕೆ, 800ರಲ್ಲಿ ಅಡ್ಡಕ್ಕೆ ಕೂರುತ್ತದೆ. ಹೊರಗಿನ ಭಾಗಗಳನ್ನು ಬದಲಾಯಿಸಿಯೇ ಹೊಂದಿಸಬೇಕು, ಹಾಗೆ ಮಾಡುವಾಗ ಕೇಬಲ್ ಬಿಗಿಯುವ ಜಾಗ ಬೇರೆಯಾಗಿರುವುದೂ ಉಂಟು. ಎಂಜಿನ್ ತಂದ ಬಿಲ್ ಜೋಪಾನವಾಗಿಡಿ. ಆರ್‌ಸಿಯಲ್ಲಿ ಹಳೇ ಎಂಜಿನ್ ನಂಬರೇ ಇದ್ದರೆ ಎಫ್‌ಸಿ ಸಮಯದಲ್ಲಿ ತೊಂದರೆ, ಆರ್‌ಟಿಒಗೆ ಹೋಗಿ ಹೊಸ ನಂಬರ್ ಬರೆಸಿಕೊಳ್ಳಿ.

ಮೀಟರ್ ಎಷ್ಟು ತೋರಿಸಿತು ಅಂತ ಇಲ್ಲೇ ಬರೆಯಿರಿ, ಮುಂದೆ ಏನು ಬಿಚ್ಚಬೇಕು ಅಂತ ಹೇಳುತ್ತೇನೆ.