ಪೆಟ್ಟಿಗೆ 23 ಕಿಲೋ ಒಳಗಿದ್ದರೆ ಎತ್ತುವವರ ಬೆನ್ನಿಗೆ ಅಪಾಯವಿಲ್ಲವೇ?

ನಿಮ್ಮ ಪ್ರಶ್ನೆ ಇಷ್ಟು: ಕಾರ್ಕಳದ ಕಡೆಯ ಗೇರುಬೀಜ ಕಾರ್ಖಾನೆಯಲ್ಲಿ ತಿರುಳು ತುಂಬಿದ ರಟ್ಟಿನ ಪೆಟ್ಟಿಗೆ 22.68 ಕಿಲೋ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 23 ಕಿಲೋ. ಹಾಗಾದರೆ ಲಾರಿಗೆ ತುಂಬುವ ಕೆಲಸ ಸುರಕ್ಷಿತ ಎಂದು ವರದಿ ಬರೆಯಬಹುದೇ?

ದಯವಿಟ್ಟು ಬರೆಯಬೇಡಿ. ಉಡುಪಿ, ಮಂಗಳೂರಿನ ಕಾರ್ಖಾನೆಗಳಿಗೆ ಸುರಕ್ಷತಾ ತಪಾಸಣೆಗೆ ಹೋಗುವವನಾಗಿ ಹೇಳುತ್ತೇನೆ, ತಕ್ಕಡಿಯೊಂದನ್ನೇ ನಂಬಿದ ವರದಿಗಳಿಂದ ಎಷ್ಟೋ ಜನರ ನಡು ಹಾಳಾಗಿದೆ. ಎಷ್ಟು ತೂಕ ಎತ್ತಬಹುದೆಂದು ಲೆಕ್ಕ ಹಾಕುವ ನಿಯೋಶ್‌ನ 1991ರ ಸೂತ್ರದಲ್ಲಿ 23 ಎಂಬುದು ಲೆಕ್ಕದ ಆರಂಭ ಮಾತ್ರ. ಹೊರೆ ಮೈಗೆ ಹತ್ತಿರ, ಕೈ ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿ, ಮೈ ತಿರುಚದೆ, ಯಾವಾಗಲಾದರೊಮ್ಮೆ ಎತ್ತುವುದಾದರೆ ಮಾತ್ರ 23. ಒಂದೊಂದು ಅನುಕೂಲ ತಪ್ಪಿದಂತೆಲ್ಲ ಅದು ಇಳಿಯುತ್ತದೆ.

ಒಂದು ಟೇಪ್ ಹಿಡಿದು ಗೋದಾಮಿಗೆ ಹೋಗಿ. ಪ್ಯಾಲೆಟ್‌ನ (ಸರಕು ಪೇರಿಸುವ ಹಲಗೆಯ ಅಡಿಮಣೆ) ಹಿಂದಿನ ಸಾಲಿನ ಪೆಟ್ಟಿಗೆಗೆ ಕೈಚಾಚಿದವರ ಕಾಲಿನ ಹರಡಿನಿಂದ ಕೈವರೆಗಿನ ಅಡ್ಡ ಅಂತರ 50 ಸೆಂಟಿಮೀಟರ್ ಇದೆ ಎನ್ನಿ. ಸೂತ್ರದ ಪ್ರಕಾರ ಅನುಕೂಲದ ಅಂತರವಾದ 25ನ್ನು 50ರಿಂದ ಭಾಗಿಸಿದರೆ 0.5, ಅಲ್ಲಿಗೇ ಮಿತಿ ಅರ್ಧವಾಯಿತು. ಕೈ ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಸೂತ್ರ ಕೊಡುವ ಗುಣಕ 0.82. ಅಲ್ಲಿಂದ 135ರ ಎತ್ತರಕ್ಕೆ ಏರಿಸಿದರೆ ಸುಮಾರು 0.86. 23ನ್ನು ಈ ಮೂರರಿಂದಲೂ ಗುಣಿಸಿದಾಗ ಉಳಿಯುವುದು 8 ಕಿಲೋ. ನಿಮ್ಮ ಪೆಟ್ಟಿಗೆ ಅದರ ಮೂರು ಪಟ್ಟಿಗೆ ಹತ್ತಿರ! ಪಕ್ಕಕ್ಕೆ 45 ಡಿಗ್ರಿ ತಿರುಗಬೇಕಾದರೆ 7 ಕಿಲೋ ಕೂಡ ಉಳಿಯುವುದಿಲ್ಲ.

ಈಗ ಅದೇ ಪೆಟ್ಟಿಗೆಯ ಅಡಿಗೆ ನಾಲ್ಕು ಖಾಲಿ ಪ್ಯಾಲೆಟ್ ಪೇರಿಸಿ, ಕೈ 75ರ ಮಟ್ಟಕ್ಕೆ ಬರಲಿ. ಎತ್ತುವವರು ಸುತ್ತ ಬಂದು ನಿಲ್ಲಲು ಜಾಗ ಬಿಡಿ, ಅಂತರ 30ಕ್ಕೆ ಇಳಿಯುತ್ತದೆ. ಅದೇ 135ಕ್ಕೆ ಏರಿಸಿದರೂ ಮಿತಿ 17 ಕಿಲೋಗೆ ಏರುತ್ತದೆ. ಪೆಟ್ಟಿಗೆಯ ತೂಕ ಒಂದು ಗ್ರಾಮೂ ಕಡಿಮೆಯಾಗಿಲ್ಲ. (ಎರಡು ಸಾಲಿಗಿಂತ ಮೇಲೆ ಮಾತ್ರ ಜೋಡಿಸಬೇಡಿ, ಭುಜದ ಮೇಲಕ್ಕೆ ಕೈ ಎತ್ತಿದರೆ ಬೇರೆ ತೊಂದರೆ.)

ಆದರೂ ಮುಗಿಯಲಿಲ್ಲ. ನಿಮಿಷಕ್ಕೆ ನಾಲ್ಕರಂತೆ ಎರಡು ಗಂಟೆ ತುಂಬಿದರೆ 0.72ರಿಂದ ಗುಣಿಸಬೇಕು, 17 ಹೋಗಿ 12 ಆಗುತ್ತದೆ. ಹಾಗಾಗಿ ಲಾರಿಯ ಹಲಗೆಯ ಮಟ್ಟಕ್ಕೆ ಒಂದು ಕಟ್ಟೆ ಕಟ್ಟಿಸಿ ಟ್ರಾಲಿಯಲ್ಲೇ ಒಳಗೆ ಒಯ್ಯುವಂತೆ ಮಾಡುವುದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಊರಿಗೆ ಸಂಬಂಧಿಸಿದ ಮಾತೊಂದಿದೆ. ಈ ಸೂತ್ರ 19ರಿಂದ 26 ಡಿಗ್ರಿ ಸೆಲ್ಸಿಯಸ್ ತಾಪಮಾನ, 35ರಿಂದ 50 ಶೇಕಡಾ ಆರ್ದ್ರತೆ, ಕಾಲು ಜಾರದ ನೆಲ ಇವನ್ನೆಲ್ಲ ಊಹಿಸಿಕೊಂಡಿದೆ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ, ತುಳುವರ ಆಟಿ ತಿಂಗಳ ಮಳೆಗೆ ಒದ್ದೆಯಾದ ಸಿಮೆಂಟ್ ನೆಲದಲ್ಲಿ ಅಂಥ ಹಿತ ಎಲ್ಲಿದೆ? ಬಂದ ಅಂಕಿಯನ್ನು ಇನ್ನಷ್ಟು ಬಿಗಿಯಾಗಿ ಓದಿ. ಹಸಿ ಬೀಜದ ಗೋಣಿಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ಕೆಲಸಕ್ಕೆ ಇದು ಅನ್ವಯಿಸುವುದೇ ಇಲ್ಲ. ಅದಕ್ಕೆ ಬ್ರಿಟನ್ನಿನ ಕೆಲಸದ ಸುರಕ್ಷತೆಯ ಸಂಸ್ಥೆ ಎಚ್‌ಎಸ್‌ಇ ಹೊರಡಿಸಿದ, ಎತ್ತುವ, ಹೊರುವ ಕೆಲಸದ ಅಪಾಯ ಅಳೆಯುವ ಮ್ಯಾಕ್ ಪಟ್ಟಿ ನೋಡಿ.

ಮಾಲೀಕರು ಸೊಂಟದ ಬೆಲ್ಟ್ ತರಿಸುತ್ತಾರೆಂದು ಬರೆದಿದ್ದೀರಿ. ಆರೋಗ್ಯವಂತ ಕೆಲಸಗಾರರ ಬೆನ್ನನ್ನು ಬೆಲ್ಟ್ ಕಾಪಾಡುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲವೆಂದು 1994ರಲ್ಲೇ ನಿಯೋಶ್ ಹೇಳಿದೆ. ಆ ದುಡ್ಡನ್ನು ಕಟ್ಟೆಗೆ ಹಾಕಿಸಿ. ವರದಿ ಬರೆಯುವ ಮೊದಲು ಎತ್ತುವವರನ್ನೇ ಕೇಳಿ, ಮೇಲ್ವಿಚಾರಕರು ಎದುರಿಗಿಲ್ಲದಾಗ: ಯಾವ ಸಾಲಿನ ಪೆಟ್ಟಿಗೆ ಎತ್ತುವಾಗ ನಡು ಹಿಡಿಯುತ್ತದೆ? ಮೊದಲ ಅಳತೆ ಅಲ್ಲಿಂದಲೇ ತೆಗೆಯಿರಿ.