ಕರ್ಣ ದುರ್ಯೋಧನನನ್ನು ಬಿಟ್ಟು ಬರಬೇಕಿತ್ತೇ?

ನೀವು ಕೇಳಿದ್ದು: ತಾನು ಕುಂತಿಯ ಮಗ ಅಂತ ಗೊತ್ತಾದ ಮೇಲೂ ಕರ್ಣ ಕೌರವರ ಕಡೆಯೇ ಉಳಿದನಲ್ಲ, ಗೆಳೆತನಕ್ಕಾಗಿ ಅನ್ಯಾಯದ ಪಕ್ಷದಲ್ಲಿ ನಿಂತದ್ದು ಸರಿಯೇ?

ಉಳಿದದ್ದು ತಪ್ಪಲ್ಲ ಅಂತಲೇ ನನ್ನ ಉತ್ತರ. ಕರ್ಣನ ತಪ್ಪು ಬೇರೆ ಕಡೆ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ಆದರೆ ಈ ಗೆಳೆತನದ ಮಾತು ಬಂದಾಗಲೆಲ್ಲ ನಾವು ಕರ್ಣನನ್ನೇ ಕಟಕಟೆಗೆ ನಿಲ್ಲಿಸುತ್ತೇವೆ. ದುರ್ಯೋಧನನನ್ನು ಯಾರೂ ಕೇಳುವುದಿಲ್ಲ. ಅವನನ್ನೂ ಕೇಳಬೇಕು ಅಂತ ನನಗೆ ಹೊಳೆದದ್ದು ರನ್ನನನ್ನು ಓದಿದ ಮೇಲೆ.

ನಾನು ಮುಧೋಳ ತಾಲ್ಲೂಕಿನವನು, ಬೆಲ್ಲದ ಗಾಣ ನಡೆಸುತ್ತೇನೆ. ರನ್ನ ಹುಟ್ಟಿದ್ದು ಇಲ್ಲೇ, ಬಳೆಗಾರರ ಮನೆಯಲ್ಲಿ, 949ರಲ್ಲಿ. ಆಗ ಈ ಊರಿನ ಹೆಸರು ಮುದುವೊಳಲು. ಪಕ್ಕದಲ್ಲಿ ರನ್ನಬೆಳಗಲಿ ಅಂತ ಊರೇ ಇದೆ. ಅವನ ಹೆಸರು ಕೇಳುತ್ತಲೇ ಬೆಳೆದೆವು, ಕಾವ್ಯ ಓದಿದವರು ಮಾತ್ರ ಕಡಿಮೆ. ನಾನೂ ತೆರೆದದ್ದು ತಡವಾಗಿ, ಮಗಳು ಹತ್ತನೇ ತರಗತಿಯಲ್ಲಿದ್ದಾಗ. ಅವಳ ಕನ್ನಡ ಪುಸ್ತಕದಲ್ಲಿ ರನ್ನನ ‘ಛಲಮನೆ ಮೆರೆವೆಂ’ ಮತ್ತು ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಎರಡೂ ಇದ್ದವು.

ಮೊದಲು ಕುಮಾರವ್ಯಾಸನನ್ನು ನೋಡಿ. ಸಂಧಿ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ಒಬ್ಬನನ್ನೇ ಕರೆದುಕೊಂಡು ಹೋಗಿ ಗುಟ್ಟು ಬಿಚ್ಚುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ಎದುರಿಗೆ ರಾಜರ ಸಾಲು, ನಡುವೆ ನೀನು ಓಲಗ ಕೊಡುವ ವೈಭವ ಬಿಟ್ಟು, ಕುರುಪತಿ ಕರೆದಾಗ ‘ಜೀಯ ಹಸಾದ’, ಅಂದರೆ ಅಪ್ಪಣೆ ಒಡೆಯಾ, ಅನ್ನುವುದು ನಿನಗೆ ತಕ್ಕದ್ದೇ ಅಂತ ಆಸೆ ಹಚ್ಚುತ್ತಾನೆ. ಸೂತಪುತ್ರ ಅಂತ ಅನ್ನಿಸಿಕೊಂಡೇ ಬದುಕಿದವನಿಗೆ ಇದಕ್ಕಿಂತ ದೊಡ್ಡ ಮಾತು ಇನ್ಯಾವುದಿದೆ? ಕರ್ಣನ ಕೊರಳ ಸೆರೆ ಉಬ್ಬಿತು, ಕಣ್ಣೀರು ಉಕ್ಕಿತು. ಆಗ ಅವನ ಮನಸ್ಸಿಗೆ ಬಂದ ಮಾತು: ‘ಅಕಟಾ ಕುರುಪತಿಗೆ ಕೇಡಾದುದು’.

ಅಮ್ಮ ಸಿಕ್ಕಳು, ತಮ್ಮಂದಿರು ಸಿಕ್ಕರು, ಸಿಂಹಾಸನ ಸಿಕ್ಕಿತು. ಅವನಿಗೆ ನೆನಪಾದದ್ದು ಗೆಳೆಯನ ಕೇಡು! ಇನ್ನು ನನ್ನ ಕೈ ಅವರ ಮೇಲೆ ಏಳುವುದಿಲ್ಲ, ಅಲ್ಲಿಗೆ ದುರ್ಯೋಧನ ಮುಗಿದ ಅಂತ ಅವನಿಗೆ ಆ ಕ್ಷಣವೇ ತಿಳಿಯಿತು. ಉಳಿಯುತ್ತೇನೆ, ಋಣ ತೀರಿಸುತ್ತೇನೆ, ಆದರೆ ನಿನ್ನ ಐವರನ್ನು ನೋಯಿಸುವುದಿಲ್ಲ ಅಂತ ಕೃಷ್ಣನಿಗೆ ಮಾತು ಕೊಡುತ್ತಾನೆ. ಗೆಲುವಿನ ಲೆಕ್ಕ ಹಾಕಿ ಉಳಿದವನಲ್ಲ ಇವನು. ಸೋಲು ಗೊತ್ತಿದ್ದೂ ಉಳಿದ. ಇಂಥವನನ್ನು ಪಕ್ಷ ನೋಡಿ ಅಳೆಯಲು ನನ್ನಿಂದ ಆಗುವುದಿಲ್ಲ.

ಈಗ ರನ್ನನ ಗದಾಯುದ್ಧ. ಯುದ್ಧ ಮುಗಿಯುತ್ತಾ ಬಂದಿದೆ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ನೀವು ಗದಾಯುದ್ಧ ಓದುವುದಾದರೆ ಇಲ್ಲಿಂದಲೇ ಶುರು ಮಾಡಿ. ಪಕ್ಕದಲ್ಲಿ ಗದ್ಯಾನುವಾದ ಇಟ್ಟುಕೊಂಡು ಪದ್ಯವನ್ನು ಜೋರಾಗಿ ಓದಿ. ದುಶ್ಶಾಸನನ ಹೆಣದ ಮುಂದೆ ನಿಂತು, ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು, ಸಾವಿನಲ್ಲಿ ಮಾತ್ರ ನೀನೇ ಮುಂದಾದೆಯಲ್ಲ ತಮ್ಮಾ ಅಂತ ಅಳುತ್ತಾನೆ. ಮುಂದೆ ಕರ್ಣ ಬಿದ್ದಿದ್ದಾನೆ. ಅಲ್ಲಿ ಈ ಪದ್ಯ:

ಆನರಿವೆಂ ಪೃಥೆಯರಿವಳ್
ದಾನವರಿಪುವರಿವನರ್ಕನರಿವಂ ದಿವ್ಯ
ಜ್ಞಾನಿ ಸಹದೇವನರಿವಂ
ನೀನಾರ್ಗೆಂದಾರುಮರಿಯರಂಗಾಧಿಪತೀ

ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ. ನೀನು ಯಾರ ಮಗ ಅಂತ ಬೇರೆ ಯಾರಿಗೂ ಗೊತ್ತಿಲ್ಲ, ಅಂಗರಾಜಾ.

ಮೊದಲ ಸಲ ಓದಿದಾಗ ಇದನ್ನು ಸುಮ್ನೆ ಗೋಳು ಅಂದುಕೊಂಡು ಮುಂದೆ ಹೋಗಿದ್ದೆ. ಆಮೇಲೆ ಮೊದಲ ಪದ ಚುಚ್ಚಿತು. ‘ಆನರಿವೆಂ.’ ಅಂದರೆ ಇವನಿಗೆ ಗೊತ್ತಿತ್ತು! ಹೆತ್ತವಳಿಗಿಂತ ಮೊದಲು ತನ್ನ ಹೆಸರನ್ನೇ ಹಾಕಿಕೊಂಡಿದ್ದಾನೆ. ವ್ಯಾಸರ ಭಾರತದಲ್ಲಿ ಹೀಗಿಲ್ಲ. ಅಲ್ಲಿ ಈ ಗುಟ್ಟು ಪಾಂಡವರಿಗೆ ತಿಳಿಯುವುದೇ ಯುದ್ಧ ಮುಗಿದು ತರ್ಪಣ ಬಿಡುವ ಹೊತ್ತಿಗೆ, ಕುಂತಿಯ ಬಾಯಿಂದ. ದುರ್ಯೋಧನನಿಗೆ ಮೊದಲೇ ಗೊತ್ತಿತ್ತು ಅನ್ನುವುದನ್ನು ರನ್ನನಿಗಿಂತ ಮೊದಲು ಪಂಪನೂ ಹೇಳಿದ್ದಾನೆ. ಅಲ್ಲಿ ಕೃಷ್ಣ ಕರ್ಣನಿಗೆ, ಒಬ್ಬ ಮುನಿಯಿಂದ ದುರ್ಯೋಧನ ಇದನ್ನು ತಿಳಿದುಕೊಂಡ, ಮುಳ್ಳಿನಿಂದ ಮುಳ್ಳು ತೆಗೆಯಬೇಕೆಂದೇ ನಿನ್ನನ್ನು ಸಾಕಿದ ಅನ್ನುತ್ತಾನೆ. ಅದು ಎದುರಾಳಿಯ ಮಾತು, ಒಡಕು ಹುಟ್ಟಿಸಲು ಬಂದವನ ಮಾತು, ನಂಬದೆ ಬಿಡಬಹುದು. ರನ್ನನಲ್ಲಿ ಅದನ್ನು ಸ್ವತಃ ದುರ್ಯೋಧನ ಹೇಳುತ್ತಾನೆ, ಕೇಳಿಸಿಕೊಳ್ಳಲು ಕರ್ಣ ಇಲ್ಲದಾಗ.

ಹಾಗಂತ ಅವನ ಪ್ರೀತಿ ಸುಳ್ಳೇ? ಅಲ್ಲ. ಮುಂದೆ ಭೀಷ್ಮರು ಸಂಧಿ ಮಾಡಿಕೋ ಅಂದಾಗ ‘ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ’ ಅನ್ನುತ್ತಾನೆ. ನೆಲಕ್ಕಾಗಿ ಕಾದುತ್ತೇನೆ ಅಂದುಕೊಂಡಿರಾ, ಛಲಕ್ಕಾಗಿ ಕಾದುತ್ತೇನೆ ಅಂತ. ಈ ನೆಲ ನನಗೆ ಪಾಳು ನೆಲ, ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ಮತ್ತೆ ಬಾಳುವೆನೇ ಅಂತ ಕೇಳುತ್ತಾನೆ. ಇದು ನಾಟಕ ಆಡುವವನ ಮಾತಲ್ಲ. ಪ್ರೀತಿ ನಿಜ, ಮುಚ್ಚಿಟ್ಟದ್ದೂ ನಿಜ. ಎರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ ಅಂತ ನೀವು ಕೇಳಬಹುದು. ಇರುತ್ತವೆ, ನನಗೆ ಗೊತ್ತು.

ನಮ್ಮ ಗಾಣದಲ್ಲಿ ಪಾಕ ನೋಡುವವನು ನನ್ನ ಬಾಲ್ಯದ ಗೆಳೆಯ. ಕುದಿಯುವ ಪಾಕವನ್ನು ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ ‘ಇಳಸ್ರಿ’ ಅಂದನೆಂದರೆ ಅದೇ ಹದ. ಅರ್ಧ ನಿಮಿಷ ಆಚೀಚೆ ಆದರೆ ಬೆಲ್ಲ ಕಪ್ಪಾಗುತ್ತದೆ, ಮಹಾಲಿಂಗಪುರದ ಪೇಟೆಯಲ್ಲಿ ದರ ಬೀಳುತ್ತದೆ. ಹೊಲದ ಪಾಲಿನ ಜಗಳದಲ್ಲಿ ಅವನು ಅಣ್ಣನ ಮನೆ ಬಿಟ್ಟು ಆರು ವರ್ಷವಾಗಿತ್ತು. ಒಂದು ಹಂಗಾಮಿನಲ್ಲಿ ಆ ಅಣ್ಣ ನನ್ನ ಮೊಬೈಲಿಗೆ ಫೋನ್ ಮಾಡಿದ. ‘ಎಳ್ಳಮವಾಸ್ಯೆಗೆ ಬರಾಕ ಹೇಳ್ರಿ, ಕೂಡಿ ಚರಗ ಚೆಲ್ಲೂಣು, ಹೊಲದ ಮಾತೂ ಮುಗಸೂಣು’ ಅಂದ. ಚರಗ ಅಂದರೆ ಹಬ್ಬದ ಅಡುಗೆಯನ್ನು ಹೊಲದಲ್ಲಿ ಭೂತಾಯಿಗೆ ಚೆಲ್ಲುವುದು.

ಗಾಣ ಹಗಲೂ ರಾತ್ರಿ ನಡೆಯುತ್ತಿದ್ದ ದಿನಗಳು. ಇವನು ಹೋದರೆ ಬರುತ್ತಾನೋ ಇಲ್ಲವೋ. ನಾನು ಹೇಳಲಿಲ್ಲ. ನಾಳೆ ಹೇಳೋಣ ಅಂತ ಹಬ್ಬ ದಾಟಿಸಿಬಿಟ್ಟೆ. ಹಬ್ಬದ ದಿನ ನಮ್ಮ ಹೊಲದಲ್ಲೇ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಎರಡು ಸಲ ಕೇಳಿ ಕೇಳಿ ಬಡಿಸಿದೆ. ಆ ಪ್ರೀತಿಯೂ ಸುಳ್ಳಾಗಿರಲಿಲ್ಲ.

ಹೇಳಿದ್ದು ಮೂರು ವಾರ ಬಿಟ್ಟು. ಅವನು ಬೈಯಲಿಲ್ಲ. ‘ಫೋನ್ ಯಾವಾಗ ಬಂದಿತ್ತು?’ ಅಂತ ಒಂದೇ ಮಾತು ಕೇಳಿದ. ದಿನ ಹೇಳಿದೆ. ಅಣ್ಣನ ಊರಿಗೆ ಹೊರಟುಹೋದ. ಮುಂದಿನ ಹಂಗಾಮಿಗೆ ತಾನಾಗಿ ಬಂದು ಒಲೆಯ ಮುಂದೆ ನಿಂತ. ಈಗಲೂ ಬರುತ್ತಾನೆ. ಬರಬೇಕೋ ಬೇಡವೋ ಅಂತ ಎಲ್ಲ ತಿಳಿದುಕೊಂಡು ಬಂದ, ಅಷ್ಟು ನನಗೆ ಸಾಕು. ದುರ್ಯೋಧನ ಕರ್ಣನಿಗೆ ಕೊಡಬೇಕಾಗಿದ್ದೂ ಅದನ್ನೇ. ‘ನೀನು ಅವರ ಅಣ್ಣ. ಹೋಗುವುದಾದರೆ ಹೋಗು’ ಅಂದಿದ್ದರೂ ಕರ್ಣ ಹೋಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಆ ಆಯ್ಕೆಯನ್ನು ಗೆಳೆಯ ಮುಂದಿಡಲಿಲ್ಲ, ಎದುರಾಳಿಯ ಸಾರಥಿ ಬಂದು ಇಟ್ಟ.

ಇನ್ನು ಕರ್ಣನ ತಪ್ಪು. ಅದು ದ್ಯೂತದ ಸಭೆಯಲ್ಲಿ ಆಗಿಹೋಗಿತ್ತು. ವ್ಯಾಸರ ಭಾರತದಲ್ಲಿ ದ್ರೌಪದಿಯನ್ನು ಬಾಯಿಗೆ ಬಂದಂತೆ ಅಂದವನು ಅವನು. ಸೀರೆ ಸೆಳೆ ಅಂತ ದುಶ್ಶಾಸನನಿಗೆ ಹೇಳಿದವನೂ ಅವನೇ. ಇದಕ್ಕೆ ಹುಟ್ಟಿನ ನೋವು, ಋಣ, ಯಾವುದೂ ನೆಪ ಆಗುವುದಿಲ್ಲ. ಜನ ಕರ್ಣನ ದಾನ ಹಾಡುವಾಗ ಈ ಜಾಗವನ್ನು ಹಾರಿಸಿಬಿಡುತ್ತಾರೆ, ನನಗೆ ಅದು ಸಹಿಸುವುದಿಲ್ಲ. ಗೆಳೆಯನ ಕೈ ಹಿಡಿದು ಬೇಡ ಅನ್ನಬೇಕಾದ ದಿನ ಅದು. ಆ ಮನೆಯಲ್ಲಿ ದುರ್ಯೋಧನ ಕಿವಿಗೊಡುತ್ತಿದ್ದ ಕೆಲವೇ ಜನರಲ್ಲಿ ಕರ್ಣ ಒಬ್ಬ. ತನ್ನದು ತಪ್ಪು ಅಂತ ಅವನಿಗೂ ಗೊತ್ತಿತ್ತು. ಯುದ್ಧಕ್ಕೆ ಮುಂಚೆ ಕೃಷ್ಣನ ಹತ್ತಿರ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಕಟುವಾದ ಮಾತಾಡಿದೆ, ಆ ಕೆಲಸಕ್ಕೆ ಈಗ ಬೇಯುತ್ತಿದ್ದೇನೆ ಅಂತ ಹೇಳಿಕೊಳ್ಳುತ್ತಾನೆ. ಹೇಳಿದ್ದು ಕೃಷ್ಣನಿಗೆ. ಅದನ್ನು ಕೇಳಬೇಕಾಗಿದ್ದ ಕಿವಿ ದುರ್ಯೋಧನನದು.