ಬರುವ ಮೊದಲು ಒಂದು ತತ್ವಪದ ಕಲಿತು ಬಾ

ತಮ್ಮಾ, ಮುಂದಿನ ತಿಂಗಳು ಸಿಂಧನೂರಿನಿಂದ ಐರ್ಲೆಂಡಿನ ಡಬ್ಲಿನ್‌ಗೆ ಬರುತ್ತಿದ್ದೀಯ ಅಂತ ಓದಿ ಖುಷಿಯಾಯಿತು. ಬಾಡಿಗೆ ಎಷ್ಟು, ಚಳಿ ಹೇಗೆ, ಊರಿನಿಂದ ಏನು ತರಬೇಕು ಅಂತ ಕೇಳಿದ್ದೀಯ. ಕೊನೆಗೆ, ಅಲ್ಲಿ ಪಬ್‌ಗಳಲ್ಲಿ ರಾತ್ರಿ ಹಾಡು-ವಾದ್ಯ ಇರುತ್ತವಂತೆ, ಕುಡಿಯದವನು ಹೋಗಿ ಕೂರಬಹುದಾ ಅಂತಲೂ ಕೇಳಿದ್ದೀಯ.

ಬಾಡಿಗೆ ತುಂಬಾ ಜಾಸ್ತಿ, ಮನೆ ಸಿಗುವುದೂ ಕಷ್ಟ. ಚಳಿಗಿಂತ ಕತ್ತಲು ಕಾಡುತ್ತದೆ. ಡಿಸೆಂಬರಿನಲ್ಲಿ ಸಂಜೆ 4 ದಾಟುತ್ತಲೇ ಹೊತ್ತು ಮುಳುಗುತ್ತದೆ. ನಮ್ಮ ಚಟ್ನಿಪುಡಿ, ಅದೇ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಕೊಂಡು ಬಾ. ತುಪ್ಪ, ಪೇಡೆ ಬೇಡ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ.

ಹಾಡು ಕೇಳೋಕೆ ಖಂಡಿತ ಹೋಗು. ಏನಾದರೂ ಒಂದು ತಗೊಳ್ಳುವುದು ಮರ್ಯಾದೆ, ಅದು ಬರೀ ಸೋಡಾ ಆದರೂ ಸಾಕು. ಟೆಂಪಲ್ ಬಾರ್ ಪ್ರವಾಸಿಗರ ಜಾಗ, ಅಲ್ಲಿ ರೇಟೂ ಜಾಸ್ತಿ, ಗದ್ದಲವೂ ಜಾಸ್ತಿ. ಲುವಾಸ್ ಟ್ರಾಮಿನ ರೆಡ್ ಲೈನ್ ಹತ್ತಿ ಸ್ಮಿತ್‌ಫೀಲ್ಡ್‌ನಲ್ಲಿ ಇಳಿ, ಕಾಬಲ್‌ಸ್ಟೋನ್ ಅನ್ನೋ ಪಬ್‌ಗೆ ಹೋಗು. ಮೇಜಿನ ಸುತ್ತ ಕೂತು ಪಿಟೀಲು, ಕೊಳಲು, ಮೊಣಕೈಯಿಂದ ತಿದಿ ಒತ್ತಿ ನುಡಿಸುವ ಇಲ್ಲನ್ ಪೈಪ್ಸ್ ನುಡಿಸುತ್ತಿರುತ್ತಾರೆ. ವೇದಿಕೆ ಇಲ್ಲ. ಅವರು ನಮ್ಮ ಕಡೆ ಅಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರುತ್ತಾರೆ. ನಮ್ಮ ಮಠದ ಭಜನೆ ಹಾಗೇ ಅಲ್ವಾ? ಬೌರಾನ್ ಅಂತ ಒಂದು ಚರ್ಮವಾದ್ಯ ಇದೆ, ದಮ್ಮಡಿಯ ಅಣ್ಣನ ಹಾಗಿದೆ, ಕೋಲಿನಿಂದ ಬಾರಿಸುತ್ತಾರೆ. ಅವರ ಮೇಜಿನಲ್ಲಿ ಕುರ್ಚಿ ಖಾಲಿ ಕಂಡರೂ ಕೇಳದೆ ಕೂರಬೇಡ. ಯಾರಾದರೂ ಬರೀ ಬಾಯಿಂದ ಹಾಡಲು ಶುರು ಮಾಡಿದರೆ ಮಾತು ನಿಲ್ಲಿಸು. 2021ರಲ್ಲಿ ಆ ಜಾಗದಲ್ಲಿ ಹೋಟೆಲ್ ಕಟ್ಟಲು ಹೊರಟಾಗ ಜನ ವಾದ್ಯ ಹಿಡಿದು ಬೀದಿಗಿಳಿದಿದ್ದರು. ನಾನೂ ಅವರ ಜೊತೆ ನಡೆದಿದ್ದೆ. ನಗರಸಭೆ ಅನುಮತಿ ಕೊಡಲಿಲ್ಲ.

ಮಗಳನ್ನೂ ಕರೆತರುತ್ತೀಯಲ್ಲ, ರಾತ್ರಿ 9ರ ನಂತರ ಮಕ್ಕಳು ಪಬ್‌ನಲ್ಲಿ ಇರುವಂತಿಲ್ಲ. ಮೇಯಿಂದ ಸೆಪ್ಟೆಂಬರ್‌ವರೆಗೆ 10 ಗಂಟೆ.

ಇನ್ನೊಂದು ವಿಷಯ ಹೇಳಲೇಬೇಕು. ನಾನು ಬಂದದ್ದು 2008ರ ನವೆಂಬರಿನಲ್ಲಿ. ಎರಡನೇ ವಾರವೇ ಆಫೀಸಿನವರು ಒಂದು ಸಣ್ಣ ಪಬ್‌ಗೆ ಕರೆದೊಯ್ದರು. ಇಲ್ಲಿ ನೋಬಲ್ ಕಾಲ್ ಅಂತ ಒಂದು ಪದ್ಧತಿ ಇದೆ. ಹಾಡಿ ಮುಗಿಸಿದವರು ಮುಂದೆ ಯಾರು ಹಾಡಬೇಕು ಅಂತ ಹೇಳುತ್ತಾರೆ. ಒಬ್ಬ ಮುದುಕ ಕಣ್ಣು ಮುಚ್ಚಿ ಹಾಡಿದ, ಮುಗಿಸಿ ನನ್ನ ಕಡೆ ಕೈ ತೋರಿಸಿದ. ನಿಮ್ಮ ಊರಿನದು ಒಂದು ಹಾಡು ಅಂದ. ಇಡೀ ಪಬ್ ಸುಮ್ಮನಾಯಿತು. ಸಿನಿಮಾ ಹಾಡೊಂದರ ಎರಡು ಸಾಲು ಹೇಳಿ ನಿಂತುಬಿಟ್ಟೆ. ಅವರು ಚಪ್ಪಾಳೆ ಹೊಡೆದರು. ನನಗೆ ತಲೆ ಎತ್ತಲಾಗಲಿಲ್ಲ.

ಮಸ್ಕಿ ಹತ್ತಿರದ ನಮ್ಮ ಹಳ್ಳಿಯಲ್ಲಿ ನಮ್ಮ ಅಜ್ಜ ಅಮವಾಸ್ಯೆಗೊಮ್ಮೆ ಬೆಳಗಿನ ತನಕ ಏಕತಾರಿ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದರು. ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುತ್ತಿದ್ದೆ. ಪರೀಕ್ಷೆಯ ನೆಪ ಹೇಳಿ ಒಂದನ್ನೂ ಕಲಿಯಲಿಲ್ಲ. ಆ ರಾತ್ರಿ ಊರಿಗೆ ಫೋನ್ ಮಾಡಿ, ಬಂದಾಗ ಕಲಿಸು ಅಜ್ಜ ಅಂದೆ. ಬಾರಪ್ಪ ಅಂದರು. ರಜೆ, ವೀಸಾ, ದುಡ್ಡು ಅಂತ ಮೂರು ವರ್ಷ ಹೋಯಿತು. ನಾನು ಹೋಗುವಷ್ಟರಲ್ಲಿ ಅಜ್ಜ ಇರಲಿಲ್ಲ. ಏಕತಾರಿ ಗೋಡೆಗೆ ತೂಗುತ್ತಿತ್ತು, ತಂತಿ ಹರಿದಿತ್ತು.

ಆಮೇಲೆ ಭಜನೆ ಮೇಳದವರಿಂದ ಫೋನಿನಲ್ಲಿ ಒಂದು ಪದ ಕಲಿತೆ. ಅಜ್ಜ ನಡುವೆ ಒಂದು ನುಡಿಯನ್ನು ಬೇರೆ ಧಾಟಿಯಲ್ಲಿ ಎಳೆಯುತ್ತಿದ್ದರು, ಅದು ಯಾರಿಗೂ ಬರುವುದಿಲ್ಲ. ಹಾಡುವಾಗ ಪ್ರತಿ ಸಲ ಅಲ್ಲಿಗೆ ಬಂದು ಉಸಿರು ತಡೆಯುತ್ತದೆ.

ನೀನು ಹೊರಡುವ ಮೊದಲು ಇನ್ನೊಂದು ಅಮವಾಸ್ಯೆ ಬರುತ್ತದೆ. ಪ್ಯಾಕಿಂಗ್ ಬಿಟ್ಟು ಮಠಕ್ಕೆ ಹೋಗು, ಹಿರಿಯರ ಪಕ್ಕ ಕೂತು ಒಂದು ಪದ ಪೂರ್ತಿ ಕಲಿ. ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿಕೋ. ಬಂದ ಮೊದಲ ವಾರವೇ ಸ್ಮಿತ್‌ಫೀಲ್ಡ್ ಸ್ಟಾಪಿನಲ್ಲಿ ನಿನಗಾಗಿ ನಿಂತಿರುತ್ತೇನೆ. ಹಿಂಡಿ ಮರೆಯಬೇಡ.